ಚಿರತೆಗೆ ಹೆದರಿ ಕಟ್ಟಿದ ಗೂಡಿನಲ್ಲಿ ಕೋಳಿ ಸಂಸಾರ

ಮಲೆನಾಡಿನ ನಾಯಿಗೂಡು ಪೇಟೆಯ ಅಂಗಡಿಯಲ್ಲಿ ಸಿಗುವ ಮರದ ಪೆಟ್ಟಿಗೆಯಂಥದ್ದಲ್ಲ. ಮೂರು ಕಡೆ ಇಟ್ಟಿಗೆಯ ಇಲ್ಲವೇ ಜಂಬಿಟ್ಟಿಗೆಯ ಗೋಡೆ, ಎದುರಿಗೆ ಬೆರಳು ದಪ್ಪದ ಕಬ್ಬಿಣದ ಸರಳಿನ ಬಾಗಿಲು, ಮೇಲೆ ನಾಲ್ಕು ಸಾಲು ಹಂಚು ಅಥವಾ ಒಂದು ಸಿಮೆಂಟ್ ಶೀಟು, ಕೆಳಗೆ ಗಾರೆ ನೆಲ. ಇಷ್ಟು ಭದ್ರವಾಗಿ ಕಟ್ಟುವುದಕ್ಕೆ ಕಾರಣ ಚಿರತೆ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಕಾಡಂಚಿನ ಮನೆಗಳಲ್ಲಿ ಕತ್ತಲಾದ ಮೇಲೆ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕಿದರೆ ಬೆಳಗ್ಗೆ ಸರಪಳಿ ಮಾತ್ರ ಉಳಿದಿರಬಹುದು. ಹಾಗಾಗಿ ಸಂಜೆ ಊಟ ಹಾಕಿ, ಗೂಡಿಗೆ ಕೂಡಿ, ಚಿಲಕ ಹಾಕಿದ ಮೇಲೇ ಮನೆಯವರು ಒಳಗೆ ಹೋಗುತ್ತಾರೆ.

ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ, ಗೂಡಿನದು ಅದರ ಮೂರುಪಟ್ಟು. ನಾಯಿ ಸತ್ತಮೇಲೆ ಎಷ್ಟೋ ಮನೆಗಳಲ್ಲಿ ಇನ್ನೊಂದನ್ನು ತರಲು ಮನಸ್ಸಾಗುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮರಿ ಸಾಕುವ ಶಕ್ತಿ ಇಲ್ಲವೆಂದು ಹಿರಿಯರು ಸುಮ್ಮನಾಗುತ್ತಾರೆ. ಗೂಡಿಗೆ ತೆಂಗಿನ ಸಿಪ್ಪೆ, ಹರಿದ ಗೋಣಿ, ಕೆಟ್ಟ ಔಷಧಿ ಪಂಪು ಬಂದು ಸೇರುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹೆಗ್ಗಣದ ಮನೆ. ಅಂಥ ಗೂಡು ಕೋಳಿಗೂಡಾಗಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಗೋಡೆ, ನೆಲ, ಮಾಡು ಮೂರೂ ಸಿದ್ಧವಿರುವಾಗ ಕೋಳಿ ಸಾಕಲು ಜಾಗವಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಆದರೆ ಗುಡಿಸಿ, ಹೊಟ್ಟು ಹರಡಿ, ಸಂಜೆಯೇ ಕೋಳಿ ಬಿಡುವ ಕೆಲಸವೂ ಇದಲ್ಲ. ಚಿರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಗೂಡು ಚಿರತೆಯನ್ನು ಮಾತ್ರ ತಡೆಯುತ್ತದೆ. ಕೋಳಿಯ ಶತ್ರುಗಳು ಅದಕ್ಕಿಂತ ತೀರ ಚಿಕ್ಕವು. ಮುಂಗುಸಿ, ಹೆಗ್ಗಣ, ಹಾವು, ಉಣ್ಣೆ, ಕೊನೆಗೆ ಕಣ್ಣಿಗೆ ಕಾಣದ ಕೆಟ್ಟ ಗಾಳಿ. ನಾಯಿಗೂಡನ್ನು ಕೋಳಿಗೆ ಒಗ್ಗಿಸುವುದೆಂದರೆ ಈ ಚಿಕ್ಕವನ್ನೆಲ್ಲ ಒಂದೊಂದಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಮೊದಲು ಅಳತೆ. ದೊಡ್ಡ ನಾಯಿಗೆಂದು ಕಟ್ಟಿದ ಗೂಡು ಸಾಮಾನ್ಯವಾಗಿ ಐದಡಿ ಉದ್ದ, ನಾಲ್ಕಡಿ ಅಗಲ, ಅಂದರೆ 20 ಚದರಡಿ. ಹಗಲು ಹೊರಗೆ ಮೇಯುವ ಕೋಳಿಗೆ ರಾತ್ರಿ ಮಲಗಲು ತಲಾ 3 ಚದರಡಿ ಸಾಕು. ಆ ಲೆಕ್ಕದಲ್ಲಿ ಆರು ಕೋಳಿ ಹಿಡಿಯುತ್ತದೆ. ನಾನು ಐದು ಎನ್ನುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಕೋಳಿ ಹೊರಗೆ ಕಾಲಿಡಲಾಗದ ದಿನಗಳು ಸಾಲುಸಾಲಾಗಿ ಬರುತ್ತವೆ. ಆಗ ಮಲಗುವ ಜಾಗವೇ ಹಗಲಿನ ಜಾಗವೂ ಆಗುತ್ತದೆ. ಇಕ್ಕಟ್ಟಾದರೆ ಕೋಳಿಗಳು ಒಂದರ ಪುಕ್ಕ ಇನ್ನೊಂದು ಕೀಳುತ್ತವೆ. ರಕ್ತ ಕಂಡರಂತೂ ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ. ದೊಡ್ಡ ಮೊಟ್ಟೆ ಫಾರಂಗಳ ತಂತಿ ಪಂಜರದಲ್ಲಿ ಒಂದು ಕೋಳಿಗೆ ಒಂದು ಎ4 ಹಾಳೆಯಷ್ಟು ಜಾಗವೂ ಸಿಗದ ಪದ್ಧತಿ ಬಹುಕಾಲ ನಡೆದುಬಂದಿದೆ. ಭಾರತದ ಕಾನೂನು ಆಯೋಗ 2017ರಲ್ಲಿ ಕೊಟ್ಟ ತನ್ನ 269ನೆಯ ವರದಿಯನ್ನು ಮೊಟ್ಟೆಕೋಳಿ ಮತ್ತು ಬ್ರಾಯ್ಲರ್‌ಗಳ ಸಾಕಣೆ, ಸಾಗಣೆಯ ವಿಚಾರಕ್ಕೇ ಮೀಸಲಿಟ್ಟಿತು. ಮನೆಯ ಹಿತ್ತಿಲಲ್ಲಿ ಸಾಕುವವರು ಆ ಇಕ್ಕಟ್ಟನ್ನು ಇಲ್ಲಿಗೂ ತರಬೇಕಾಗಿಲ್ಲ. ಬರೀ ಮೊಟ್ಟೆ ಬೇಕೆಂದರೆ ಹುಂಜವೂ ಬೇಡ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ.

ಇನ್ನು ಬಾಗಿಲು. ನಮ್ಮ ನೆಂಟರ ಮನೆಯ ಗೂಡನ್ನು ನೋಡಲು ಬಂದ ಪಕ್ಕದ ಮನೆಯ ಅಜ್ಜಿ ಮಾಡಿದ ಮೊದಲ ಕೆಲಸ ಸರಳಿನ ನಡುವೆ ಕೈ ತೂರಿಸಿದ್ದು. "ನೋಡು ಮಗಾ, ನನ್ನ ಕೈ ಬಳೆ ಸಮೇತ ಒಳಗೆ ಹೋಯ್ತು. ಮುಂಗುಸಿಗೆ ಇಷ್ಟು ದಾರಿ ಸಾಲದಾ?" ಎಂದರು. ಅಷ್ಟೇ ಸಾಕು, ಧಾರಾಳವಾಗಿ ಸಾಕು. ಮೂರಿಂಚು ಬಿಟ್ಟು ಬೆಸುಗೆ ಹಾಕಿದ ಸರಳುಗಳ ನಡುವೆ ಮುಂಗುಸಿ ನಡೆದೇ ಹೋಗುತ್ತದೆ. ಪುನುಗು, ಕಾಡುಬೆಕ್ಕು ಕಾಲು ಚಾಚಿ, ಒಳಗೆ ಮಲಗಿದ ಕೋಳಿಯನ್ನು ಸರಳಿನವರೆಗೆ ಎಳೆದುಕೊಳ್ಳುತ್ತವೆ. ಮುಂಗುಸಿ ಒಳಗೆ ಹೊಕ್ಕಿತೆಂದರೆ ಒಂದೇ ಕೋಳಿಗೆ ತೃಪ್ತಿಪಡುವುದಿಲ್ಲವೆಂಬುದು ಕೋಳಿ ಸಾಕಿದ ಎಲ್ಲರಿಗೂ ಗೊತ್ತು.

ಬಾಗಿಲಿಗೆ ಒಳಗಿನಿಂದ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹೊದಿಸಬೇಕು. ಅಂಗಡಿಯವರು ಅಗ್ಗದ, ಆರು ಮೂಲೆ ಕಣ್ಣಿನ ಕೋಳಿ ಬಲೆಯನ್ನು ತೋರಿಸುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯಲು ಇರುವ ಬಲೆ. ಹೊರಗಿನದು ಒಳಗೆ ಬಾರದಂತೆ ತಡೆಯುವ ಕಸು ಆ ತೆಳು ತಂತಿಗಿಲ್ಲ, ಬೀದಿನಾಯಿ ಕೂಡ ಹಲ್ಲಿನಿಂದ ಹರಿಯುತ್ತದೆ. ಬಾಗಿಲಿನ ಬುಡ ನೋಡಿ. ಚಿರತೆಗೆ ಹೆದರಿ ಕಟ್ಟಿದ ಈ ಗೂಡಿನಲ್ಲಿ ನೆಲಕ್ಕೂ ಬಾಗಿಲಿಗೂ ಎರಡಿಂಚು ಸಂದು ಬಿಟ್ಟಿರುತ್ತಾರೆ, ನೀರು ಹಾಕಿ ತೊಳೆಯಲು ಅನುಕೂಲವಾಗಲೆಂದು. ಅಲ್ಲೊಂದು ಹಲಗೆಪಟ್ಟಿ ಹೊಡೆಯಲೇಬೇಕು. ಹಿಂದಿನ ಗೋಡೆಯ ಬುಡದಲ್ಲಿ ತೊಳೆದ ನೀರು ಹೋಗುವ ತೂತಿರುತ್ತದೆ. ಬಾಗಿಲಿಗೆ ದುಬಾರಿ ಜಾಲರಿ ಹಾಕಿದವರೂ ಮರೆಯುವುದು ಈ ತೂತನ್ನೇ. ಹೆಗ್ಗಣ ಬರುವುದು ಅಲ್ಲಿಂದ, ಹೆಗ್ಗಣ ಬಂದ ದಾರಿಯಲ್ಲೇ ಕೇರೆಹಾವು, ನಾಗರಹಾವು. ರಾತ್ರಿ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆ, ಮಲಗಲು ಹಾಕಿದ ಅಡ್ಡಕೋಲಿನ, ಅಂದರೆ ಅಟ್ಟೆಯ ಮೇಲೆ ಕೂತಿದ್ದು ಕದಲುವುದಿಲ್ಲ. ಹೆಗ್ಗಣ ಕಾಲಿನ ಬೆರಳು ಕಚ್ಚಿದರೂ ಅದಕ್ಕೆ ಓಡಲು ದಿಕ್ಕು ತಿಳಿಯದು.

ಹಂಚಿನ ಮಾಡಾದರೆ ಒಂದು ಲಾಭ, ಒಂದು ತೊಂದರೆ. ಹಂಚಿನ ಸಂದಿನಲ್ಲಿ ಬಿಸಿಗಾಳಿ ಮೇಲೆ ಹೋಗುತ್ತದೆ, ಅದೇ ಸಂದಿನಲ್ಲಿ ಹಾವು ಕೆಳಗೆ ಬರುತ್ತದೆ. ರೀಪಿನ ಕೆಳಗೆ ಇದೇ ಅರ್ಧ ಇಂಚಿನ ಜಾಲರಿ ಹೊಡೆದರೆ ಗಾಳಿಯೂ ಉಳಿಯುತ್ತದೆ, ಭಯವೂ ಹೋಗುತ್ತದೆ. ನೈಲಾನ್ ಬಲೆಯನ್ನು ಮಾತ್ರ ಯಾರೂ ಕಟ್ಟಬೇಡಿ. ಹಾವು ಅದರಲ್ಲಿ ತಲೆ ತೂರಿಸಿ, ಹುರುಪೆ ಸಿಕ್ಕಿಕೊಂಡು ಹಿಂದೆಯೂ ಬರಲಾಗದೆ ಮುಂದೆಯೂ ಹೋಗಲಾಗದೆ ಒದ್ದಾಡಿ ಸಾಯುತ್ತದೆ. ಕೇರೆಹಾವು ತೋಟದ ಇಲಿ ತಿನ್ನುವ ಜೀವ. ಅದನ್ನು ಹೊರಗಿಟ್ಟರೆ ಸಾಕು, ಕೊಲ್ಲುವ ಅಗತ್ಯವಿಲ್ಲ.

ಗಾರೆ ನೆಲ ಈ ಗೂಡಿನ ದೊಡ್ಡ ಆಸ್ತಿ. ಮಣ್ಣಿನ ನೆಲದ ಗೂಡಿಗೆ ಕೆಳಗಿಂದ ತೋಡಿ ಬರುವ ಪ್ರಾಣಿಗಳ ಕಾಟವಿದೆ. ಅದನ್ನು ತಡೆಯಲು ಗೋಡೆಯ ಸುತ್ತ ನೆಲದ ಮೇಲೆ ಒಂದಡಿ ಅಗಲಕ್ಕೆ ಜಾಲರಿ ಹಾಸಿ ಕಲ್ಲು ಹೇರಬೇಕಾಗುತ್ತದೆ. ಇಲ್ಲಿ ಆ ಖರ್ಚಿಲ್ಲ.

ಹಗಲಿನ ಮಾತು ಬೇರೆ. ಮುಂಗುಸಿ ಬೇಟೆಯಾಡುವುದೇ ಹಗಲು ಹೊತ್ತು. ತೋಟದಲ್ಲಿ ಮೇಯುವ ಕೋಳಿಗೆ ಜಾಲರಿಯ ರಕ್ಷೆ ಇಲ್ಲ, ಮೇಲಿಂದ ಗಿಡುಗನ ಕಾಟವೂ ಇದೆ. ಅಂಗಳದಲ್ಲಿ ಒಂದು ನಾಯಿ ಓಡಾಡಿಕೊಂಡಿದ್ದರೆ ಮುಂಗುಸಿ ಹತ್ತಿರ ಸುಳಿಯಲು ಹಿಂಜರಿಯುತ್ತದೆ. ಆದ್ದರಿಂದ ಮನೆಯಲ್ಲಿ ನಾಯಿ ಇನ್ನೂ ಇದ್ದು, ವಯಸ್ಸಾಯಿತೆಂದು ಅದನ್ನು ಜಗಲಿಗೆ ಕರೆದುಕೊಂಡ ಕಾರಣಕ್ಕೆ ಗೂಡು ಖಾಲಿಯಾಗಿದ್ದರೆ, ಆ ಮನೆಯವರಷ್ಟು ಅನುಕೂಲ ಬೇರೆಯವರಿಗಿಲ್ಲ. ನಾಯಿಯನ್ನು ಓಡಿಸಿ ಗೂಡನ್ನು ಕೋಳಿಗೆ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಬಿಡಬೇಕು. ರಾತ್ರಿ ಚಿರತೆ ಈಗಲೂ ಬರುತ್ತದೆ, ನಾಯಿಗೆ ಮಲಗಲು ಭದ್ರವಾದ ಜಾಗ ಈಗಲೂ ಬೇಕು.

ಇಷ್ಟು ಕಣ್ಣಿಗೆ ಕಾಣುವ ಶತ್ರುಗಳ ಕತೆ. ನಾಯಿ ಮಲಗುತ್ತಿದ್ದ ಜಾಗವಾದ್ದರಿಂದ ಗೋಡೆಯ ಬಿರುಕುಗಳನ್ನು ನೋಡಬೇಕು. ನಾಯಿಯ ಕಂದು ಉಣ್ಣೆ ರಕ್ತ ಹೀರಿ ಕೆಳಗೆ ಬಿದ್ದ ಮೇಲೆ ಗೋಡೆ ಹತ್ತಿ ಬಿರುಕಿನಲ್ಲಿ ಅಡಗಿ ಸಾವಿರಾರು ಮೊಟ್ಟೆಯಿಡುತ್ತದೆ. ಆಹಾರವಿಲ್ಲದೆ ಹಲವು ತಿಂಗಳು ಬದುಕುವ ತಾಕತ್ತು ಅದಕ್ಕಿದೆ. ಅದು ಕೋಳಿಯನ್ನು ಹೆಚ್ಚಾಗಿ ಕಾಡುವುದಿಲ್ಲ. ಎದುರಿಗೆ ಬಂದರೆ ಕೋಳಿಯೇ ಅದನ್ನು ಕುಕ್ಕಿ ತಿನ್ನುತ್ತದೆ. ಭಯ ಇರುವುದು ಅದೇ ಬಿರುಕಿಗೆ ಮುಂದೆ ಬಂದು ಸೇರುವ ಕೋಳಿ ಉಣ್ಣೆಯದು, ಕೆಂಪು ನುಸಿಯದು. ಇವೆರಡೂ ಹಗಲು ಸಂದಿಗೊಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ಹೊರಬಂದು ಮಲಗಿದ ಕೋಳಿಯ ರಕ್ತ ಕುಡಿಯುತ್ತವೆ. ಹಗಲು ಕೋಳಿಯನ್ನು ಹಿಡಿದು ಪುಕ್ಕ ಬಿಡಿಸಿ ನೋಡಿದರೆ ಏನೂ ಕಾಣುವುದಿಲ್ಲ. ಜುಟ್ಟು ಬಿಳಿಚಿಕೊಂಡು, ಮೊಟ್ಟೆ ನಿಂತು, ಕೋಳಿ ಸೊರಗುತ್ತಿದ್ದರೆ ರಾತ್ರಿ ಬ್ಯಾಟರಿ ಹಿಡಿದು ಅಟ್ಟೆಯ ಕೊನೆಗಳನ್ನು, ಗೋಡೆಯ ಬಿರುಕನ್ನು ನೋಡಬೇಕು. ಮಲೆನಾಡಿನವರಿಗೆ ಉಣ್ಣೆ ಎಂದ ಕೂಡಲೇ ಮಂಗನ ಕಾಯಿಲೆಯ ನೆನಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಕಾಡಿನ ಉಣ್ಣೆಯ ಜಾತಿ ಬೇರೆ, ನಾಯಿಗೂಡಿನ ಬಿರುಕಿನಲ್ಲಿರುವುದು ಬೇರೆ.

ಪರಿಹಾರ ಹಳೆಯದೇ. ಒಳಗಿನದೆಲ್ಲ ಹೊರಗೆ ಹಾಕಿ, ಗೋಡೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಒಣಗಿದ ಮೇಲೆ ದಪ್ಪಗೆ ಸುಣ್ಣ ಬಳಿಯಬೇಕು. ಇಟ್ಟಿಗೆ ಗೋಡೆಯಾದ್ದರಿಂದ ಬ್ಲೋ ಲ್ಯಾಂಪಿನ ಬೆಂಕಿ ತೋರಿಸಿ ಸಂದುಗಳನ್ನು ಸುಡಲೂಬಹುದು, ಮರದ ಗೂಡಿನವರಿಗೆ ಆ ಅನುಕೂಲವಿಲ್ಲ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ದೀಪಾವಳಿಯ ಹೊತ್ತಿಗೆ, ಸುಣ್ಣ ಬಳಿಯುವುದನ್ನು ಮನೆಯ ವಾಡಿಕೆಯಾಗಿ ಇಟ್ಟುಕೊಳ್ಳಬೇಕು. ನಾಯಿ ಪಾರ್ವೋದಂಥ ರೋಗದಿಂದ ಸತ್ತಿದ್ದರೆ ಕೋಳಿಗೂ ತಗಲುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ನಾಯಿಯ ಪಾರ್ವೋ ಕೋಳಿಗೆ ಬರುವುದಿಲ್ಲ.

ಬಾಗಿಲಿನ ಬಣ್ಣದ ಬಗ್ಗೆ ಮಾತಾಡುವವರು ಕಡಿಮೆ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಧಾರಾಳವಾಗಿರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಬಾಗಿಲಿನಲ್ಲಿ ಚಕ್ಕೆ ಏಳುತ್ತಿದ್ದರೆ ನಾಯಿಗೆ ಅದರ ಲಕ್ಷ್ಯವೇ ಇರಲಿಲ್ಲ. ಕೋಳಿ ಹಾಗಲ್ಲ, ಮಿನುಗುವ ಸಣ್ಣ ಚೂರು ಕಂಡರೆ ಕುಕ್ಕಿಯೇ ತೀರುತ್ತದೆ. ನುಂಗಿದ ಸೀಸ ಮೊಟ್ಟೆಯ ಭಂಡಾರಕ್ಕೆ ಸೇರುತ್ತದೆ, ಅಲ್ಲಿಂದ ಆ ಮೊಟ್ಟೆ ತಿನ್ನುವ ಮಗುವಿಗೆ. ಒಣಗಿದ್ದಂತೆಯೇ ಉಜ್ಜಿದರೆ ಧೂಳೆದ್ದು ಉಜ್ಜುವವರ ಮೂಗಿಗೆ ಹೋಗುತ್ತದೆ. ನೀರು ಹಾಕಿಕೊಂಡು ಕೆರೆದು, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಚಕ್ಕೆಗಳನ್ನು ಕೂಡಿಸಿ, ಅಂಗಳದಲ್ಲಿ ಒಂದು ಚೂರೂ ಬೀಳದಂತೆ ತೆಗೆಯಬೇಕು. ಸಾಧ್ಯವಾದರೆ ಬಾಗಿಲನ್ನೇ ಕಳಚಿ ದೂರ ಒಯ್ದು ಈ ಕೆಲಸ ಮಾಡುವುದು ಒಳ್ಳೆಯದು.

ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ನಿಜ, ಗೂಡಿನ ಒಳಗನ್ನು ಮಾತ್ರ ಕೋಳಿಯನ್ನು ಕೇಳಿಯೇ ಕಟ್ಟಬೇಕು. ನಾಯಿ ನೆಲಕ್ಕೆ ಮೈಚಾಚಿ ಮಲಗುವ ಪ್ರಾಣಿ. ಕೋಳಿಗೆ ಎತ್ತರ ಬೇಕು. ನಾಟಿ ಕೋಳಿಯನ್ನು ಅದರ ಪಾಡಿಗೆ ಬಿಟ್ಟರೆ ಹೊತ್ತು ಮುಳುಗುವಾಗ ಹಲಸಿನ ಮರದ ಕೊಂಬೆ ಹತ್ತಿ ಕೂರುತ್ತದೆ. ಕೂತಾಗ ಕಾಲು ಮಡಿಸಿದಂತೆ ಸ್ನಾಯುರಜ್ಜು ಬಿಗಿದು ಬೆರಳುಗಳು ತಾವಾಗಿ ಕೊಂಬೆಯನ್ನು ಹಿಡಿಯುತ್ತವೆ, ನಿದ್ದೆಯಲ್ಲೂ ಬೀಳುವುದಿಲ್ಲ. ಆದ್ದರಿಂದ ಗೂಡಿನ ಉದ್ದಕ್ಕೆ, ಹಿಂದಿನ ಗೋಡೆಯಿಂದ ಒಂದಡಿ ಬಿಟ್ಟು ಒಂದು ಅಟ್ಟೆ ಹಾಯಿಸಬೇಕು. ಒಂದು ಕೋಳಿಗೆ 9–10 ಇಂಚು ಜಾಗ, ಐದು ಕೋಳಿಗೆ ಐದಡಿ ಉದ್ದದ ಒಂದೇ ಅಟ್ಟೆ ಸಾಕು. ಎರಡಿಂಚು ಅಗಲದ ಮರದ ರೀಪರಿನ ಮೂಲೆ ಕೀಸಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಡಿಕೆ ದಬ್ಬೆ ಮನೆಯಲ್ಲೇ ಬಿದ್ದಿರುತ್ತದೆ, ಉಬ್ಬು ಮೇಲೆ ಬರುವಂತೆ ಇಡಬಹುದು. ಆದರೆ ಅದರ ಅಂಚಿನ ಸಿಬಿರು ಪಾದಕ್ಕೆ ಚುಚ್ಚಿ ಬಾವು ಬರುತ್ತದೆ, ಅಂಚನ್ನು ತಾಳ್ಮೆಯಿಂದ ಕೆರೆಯಬೇಕು. ಬಿದಿರು ನನಗೆ ಒಪ್ಪಿಗೆಯಿಲ್ಲ. ಸೀಳಿದ ಕಡೆಯೆಲ್ಲ ನುಸಿಗೆ ಮನೆಯಾಗುತ್ತದೆ.

ಅಟ್ಟೆಯ ಎತ್ತರ ತಳಿಯ ಮೇಲೆ ಹೋಗುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ ತಳಿಗಳು ಹಿತ್ತಿಲ ಸಾಕಣೆಗೆಂದೇ ಇರುವಂಥವು. ನಾಟಿಗಿಂತ ಮೊಟ್ಟೆ ಜಾಸ್ತಿ, ಮೈಯೂ ಜಾಸ್ತಿ. ಗಿರಿರಾಜದ ಮೈಭಾರಕ್ಕೆ ಅದು ಹಾರಲಾರದು. ಎತ್ತರದಿಂದ ಗಾರೆ ನೆಲಕ್ಕೆ ಧುಮುಕಿ ಧುಮುಕಿ ಕಾಲು ಕೆಡಿಸಿಕೊಳ್ಳುತ್ತದೆ. ಅದಕ್ಕೆ ಅಟ್ಟೆ ಒಂದಡಿ ಎತ್ತರದಲ್ಲಿದ್ದರೆ ಸಾಕು. ನಾಟಿಗೆ ಎರಡಡಿ ಇರಲಿ. ಕುಳ್ಳಗಿನ ನಾಯಿಗೂಡಿಗೆ ನಿಜವಾಗಿ ಹೊಂದುವುದು ಗಿರಿರಾಜದಂಥ ಭಾರದ ಕೋಳಿಯೇ. ಮರ ಹತ್ತಿ ತಪ್ಪಿಸಿಕೊಳ್ಳಲಾಗದ ಅದಕ್ಕೆ ಭದ್ರವಾದ ಗೂಡು ನಾಟಿಗಿಂತ ಹೆಚ್ಚು ಅಗತ್ಯ ಕೂಡ.

ಕಡೆಯ ಶತ್ರು ಗಾಳಿ. ಕೋಳಿಗೆ ಬೇರೆಯಾಗಿ ಮೂತ್ರವಿಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಅದು, ಯೂರಿಕ್ ಆಮ್ಲ. ತೇವ ಸಿಕ್ಕಿದರೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ತೇವಕ್ಕೆ ಕೊರತೆಯೇ? ನಾಯಿಗೂಡಿನಲ್ಲಿ ಗಾಳಿ ಬರುವುದು ಎದುರಿನ ಬಾಗಿಲಿನಿಂದ ಮಾತ್ರ, ಮೇಲೆ ಏರಿದ ಕೆಟ್ಟ ಗಾಳಿ ಹೊರಹೋಗಲು ಹಂಚಿನ ಸಂದು ಬಿಟ್ಟರೆ ಬೇರೆ ದಾರಿಯಿಲ್ಲ. ನೆಲದಲ್ಲಿ ಮಲಗುವ ನಾಯಿಗೆ ಅದು ತಿಳಿಯುತ್ತಿರಲಿಲ್ಲ, ಅದು ಅಲ್ಲಿ ಹೇಲುತ್ತಲೂ ಇರಲಿಲ್ಲ. ಕೋಳಿ ದಿನದ ಹಿಕ್ಕೆಯ ದೊಡ್ಡ ಪಾಲನ್ನು ರಾತ್ರಿ ಅಟ್ಟೆಯ ಕೆಳಗೇ ಹಾಕುತ್ತದೆ, ಅದರ ಮೇಲೆಯೇ ಕೂತು ಇಡೀ ರಾತ್ರಿ ಉಸಿರಾಡುತ್ತದೆ. ಅಮೋನಿಯಾ 25 ಪಿಪಿಎಂ ದಾಟಿದರೆ ಕಣ್ಣು, ಶ್ವಾಸನಾಳ ಹುಣ್ಣಾಗಿ ಬೇರೆ ರೋಗಗಳಿಗೆ ಬಾಗಿಲು ತೆರೆಯುತ್ತದೆ.

ಗಾರೆಯವರನ್ನು ಕರೆಸಿ ಎದುರುಬದುರು ಎರಡು ಗೋಡೆಗಳಲ್ಲಿ ಮಾಡಿನ ಕೆಳಗಿನ ಒಂದೊಂದು ಸಾಲು ಇಟ್ಟಿಗೆ ಬಿಚ್ಚಿಸಿ, ಆ ಕಿಂಡಿಗಳಿಗೆ ಜಾಲರಿ ಹೊಡೆಸುವುದೇ ಇದಕ್ಕೆ ಮದ್ದು. ಗಾಳಿ ಕೋಳಿಯ ತಲೆಯ ಮೇಲಿನಿಂದ ಹಾಯಬೇಕು, ಮೈಮೇಲಿನಿಂದ ಅಲ್ಲ. ಮಳೆಗಾಲದಲ್ಲಿ ಚಳಿಯಾಗುತ್ತದೆಂದು ಈ ಕಿಂಡಿಗಳನ್ನು ಗೋಣಿಯಿಂದ ಮುಚ್ಚಿಬಿಡುವವರಿದ್ದಾರೆ. ಪುಕ್ಕ ಹೊದ್ದ, 41 ಡಿಗ್ರಿ ಮೈಬಿಸಿಯ ಹಕ್ಕಿಗೆ ಮಲೆನಾಡಿನ ಚಳಿ ಲೆಕ್ಕಕ್ಕಿಲ್ಲ, ಒದ್ದೆ ಮತ್ತು ಹೊಗೆಯಂಥ ಗಾಳಿಯೇ ಅದನ್ನು ಕೊಲ್ಲುವುದು. ಬಾಗಿಲಿನ ಕಡೆಯಿಂದ ಬರುವ ಇರಚಲಿಗೆ ಬೇರೆ ಉಪಾಯ ಬೇಕು. ನಾಯಿ ಗೇಟು ನೋಡುತ್ತಿರಲೆಂದು ಗೂಡನ್ನು ರಸ್ತೆಗೆ ಮುಖ ಮಾಡಿ ಕಟ್ಟಿರುತ್ತಾರೆ. ರಸ್ತೆ ಪಶ್ಚಿಮಕ್ಕಿದ್ದರೆ ನೈಋತ್ಯದ ಮಳೆ ನೇರ ಒಳಗೆ. ಇಟ್ಟಿಗೆಯ ಗೂಡನ್ನು ತಿರುಗಿಸಿಡಲಾಗದು. ಅಡಿಕೆ ಸೋಗೆಯ ತಟ್ಟಿಯೊಂದನ್ನು ಮುಂದಕ್ಕೆ ಇಳಿಜಾರಾಗಿ ಕಟ್ಟಿದರೆ ಇರಚಲು ತಡೆಯುತ್ತದೆ, ಬೇಸಿಗೆಯಲ್ಲಿ ಅದನ್ನೇ ಸಿಮೆಂಟ್ ಶೀಟಿನ ಮೇಲೆ ಹೊದಿಸಿದರೆ ಬಿಸಿಲೂ ಇಳಿಯುವುದಿಲ್ಲ. ಬೆವರುವ ಗ್ರಂಥಿಯಿಲ್ಲದ ಕೋಳಿಗೆ ಸೆಕೆಯಾದರೆ ಬಾಯಿ ತೆರೆದು ಏದುವುದೇ ಮುಖ್ಯ ದಾರಿ.

ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಹರಡಿ ಎರಡು ದಿನಕ್ಕೊಮ್ಮೆ ಕೆದಕಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಬಗ್ಗಿ, ಕೋಳಿ ಕೂರುವ ಎತ್ತರಕ್ಕೆ ಮುಖ ಒಡ್ಡಿ ಉಸಿರೆಳೆದುಕೊಳ್ಳಿ. ಮೂಗು ಚುರುಗುಟ್ಟಿದರೆ ಹೊಟ್ಟು ಬದಲಿಸುವ ದಿನ ಬಂದಿದೆ. ತೆಗೆದದ್ದನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ, ದರಗಿನ ಜೊತೆ ಗೊಬ್ಬರಗುಂಡಿಗೆ ಸೇರಿಸಿ ಕೊಳೆಸಬೇಕು.

ಮೊಟ್ಟೆಯ ಜಾಗಕ್ಕೆ ಹೆಚ್ಚು ಹೇಳುವುದಿಲ್ಲ. ಒಂದಡಿ ಚೌಕದ ಪೆಟ್ಟಿಗೆ ಒಂದೋ ಎರಡೋ, ಕತ್ತಲಿರುವ ಮೂಲೆಯಲ್ಲಿ, ಒಣಹುಲ್ಲು ಹಾಸಿ. ಅಟ್ಟೆಗಿಂತ ತಗ್ಗಿನಲ್ಲಿರಲಿ. ಎತ್ತರದಲ್ಲಿದ್ದರೆ ಕೋಳಿ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ. ಪಕ್ಕದ ಗೋಡೆಯಲ್ಲಿ ನಾಲ್ಕು ಇಟ್ಟಿಗೆ ಬಿಚ್ಚಿ ಸಣ್ಣ ಕದವಿಟ್ಟರೆ ಹೊರಗಿಂದಲೇ ಮೊಟ್ಟೆ ತೆಗೆಯಬಹುದು, ಮೊಣಕಾಲು ನೋವಿನ ಹಿರಿಯರಿಗೆ ಇದು ದೊಡ್ಡ ಉಪಕಾರ. ಒಂದು ಮೊಟ್ಟೆಯ ಸಿಪ್ಪೆಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಕರಾವಳಿಯಿಂದ ಬರುವ ಕಪ್ಪೆಚಿಪ್ಪನ್ನು ಕುಟ್ಟಿ ಬೇರೆ ತಟ್ಟೆಯಲ್ಲಿಡಿ, ಬೇಕಾದಷ್ಟು ಅದೇ ತಿಂದುಕೊಳ್ಳುತ್ತದೆ.

ಕೋಳಿ ತರುವಾಗ ಎರಡು ತಿಂಗಳು ದಾಟಿದ, ಕೊಕ್ಕರೆ ರೋಗದ ಲಸಿಕೆ ಆದವನ್ನೇ ತನ್ನಿ. ಮೊದಲ ವಾರದಲ್ಲಿ ಹಾಕುವ ಲಸೋಟ ಹನಿ, ಎಂಟನೇ ವಾರದ ಸುಮಾರಿಗೆ ಕೊಡುವ ಆರ್‌2ಬಿ ಚುಚ್ಚುಮದ್ದು ಎರಡೂ ಆಗಿವೆಯೇ ಎಂದು ಕೇಳಿ. ಈ ರೋಗ ಬಂದರೆ ಔಷಧಿಯಿಲ್ಲ, ಊರಿನ ಕೋಳಿಯೆಲ್ಲ ಸಾಲಾಗಿ ಸಾಯುತ್ತವೆ. ತಂದ ಮೇಲೆ ಒಂದು ವಾರ ಹೊರಗೆ ಬಿಡದೆ ಗೂಡಿನಲ್ಲೇ ಮೇವು ನೀರು ಕೊಡಿ. ಆಮೇಲೆ ಸಂಜೆಯಾಗುತ್ತಿದ್ದಂತೆ ಕರೆಯದಿದ್ದರೂ ಬಂದು ಸೇರುತ್ತವೆ.

ಎಲ್ಲ ನಾಯಿಗೂಡೂ ಐದಡಿಯದ್ದಲ್ಲ. ಸಣ್ಣ ನಾಯಿಗೆಂದು ಕಟ್ಟಿದ ಎರಡೂವರೆ ಅಡಿ ಚೌಕದ ಗೂಡಿನಲ್ಲಿ ಐದು ಕೋಳಿ ತುಂಬುವುದು ಕ್ರೌರ್ಯ. ಅದನ್ನು ಕಾವು ಕೂರುವ ಹೇಂಟೆಗೆ ಬಿಡಬೇಕು. ಗಿರಿರಾಜದಂಥವು ಕಾವು ಕೂರುವುದು ಅಪರೂಪ, ಅವುಗಳ ಮೊಟ್ಟೆಯನ್ನೂ ನಾಟಿ ಹೇಂಟೆಯ ಕೆಳಗೇ ಇಡುತ್ತಾರೆ. 21 ದಿನ ಯಾರ ಗಲಾಟೆಯೂ ಇಲ್ಲದೆ ಅದು ಕೂರಲು, ಒಡೆದ ಮರಿಗಳ ಜೊತೆ ಮೊದಲ ತಿಂಗಳು ಕಳೆಯಲು ಈ ಕೋಣೆ ಹೇಳಿಮಾಡಿಸಿದ್ದು. ನಮ್ಮ ಹಿರಿಯರು ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದ ಕೆಲಸವನ್ನು ಇದು ಇನ್ನೂ ಭದ್ರವಾಗಿ ಮಾಡುತ್ತದೆ. ಅಟ್ಟೆ ಬೇಡ. ಜಾಲರಿಯ ಬುಡದಲ್ಲಿ ಒಂದಡಿ ಎತ್ತರಕ್ಕೆ ಹಲಗೆ ಹೊಡೆಯಿರಿ, ಇಲ್ಲವಾದರೆ ಅಂಚಿಗೆ ಬಂದ ಮರಿಯ ಕಾಲನ್ನು ಹೆಗ್ಗಣ ಹೊರಗಿನಿಂದಲೇ ಹಿಡಿದೆಳೆಯುತ್ತದೆ. ನೀರಿನ ತಟ್ಟೆಗೆ ಮರಿ ಮುಳುಗದಂತೆ ಬೆಣಚುಕಲ್ಲು ತುಂಬಿಡಿ.